ಗೆರೆಯ ಕೆಳಗಿನ ಹೆಸರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಅವರ ಅಕ್ಕನ ಮಗಳು. ಸೊರಬದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಪಂಕ್ತಿ ಏಳುವ ಹೊತ್ತಿನಲ್ಲಿ ಆಕೆ ಹತ್ತಿರ ಬಂದು, "ನೀವು ಶಿರಾಳಕೊಪ್ಪದ ಬಸ್ ಆಫೀಸಿನಲ್ಲಿ ಇದ್ದವರಲ್ವಾ? ಮಾಮ ಹೋಗಿಬಿಟ್ರು. ಎರಡು ತಿಂಗಳಾಯ್ತು, ಮೈಸೂರಿನಲ್ಲೇ. ಯಾರಿಗೂ ಹೇಳಿ ಕಳಿಸೋದು ಬೇಡ ಅಂದಿದ್ರು" ಎಂದರು. ಕೈ ತೊಳೆಯಲು ಹೋದವನು ನಲ್ಲಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಹಿಂದಿನವರು "ಸ್ವಲ್ಪ ಸರೀರಿ" ಎಂದ ಮೇಲೆ ಎಚ್ಚರವಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ಹೆಸರು ಬರುವುದು ಅವರಿಗೆ ಇಷ್ಟವಿರಲಿಲ್ಲ. "ಹೆಸರು ಬರೆದ ಕೂಡಲೇ ಅದರ ಮೇಲೊಬ್ಬ ಇರ್ತಾನೆ, ಕೆಳಗೊಬ್ಬ ಇರ್ತಾನೆ" ಎನ್ನುತ್ತಿದ್ದರು. ಊರಿನವರು ಅವರನ್ನು ವಿಮಾನದವರು ಎಂದು ಕರೆಯುತ್ತಿದ್ದರು. ಡ್ರೈವರುಗಳಿಗೆ ಅವರು ಕ್ಯಾಪ್ಟನ್ ಸಾಹೇಬರು. ನಾನೂ ಹಾಗೆಯೇ ಕರೆಯುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಶಿರಾಳಕೊಪ್ಪದಲ್ಲಿ ಒಂದು ಖಾಸಗಿ ಬಸ್ ಕಂಪನಿಯ ಏಜೆಂಟನಾಗಿದ್ದೆ. ಟಿಕೆಟ್ ಕೊಡುವುದು, ಮೂಟೆಗಳನ್ನು ಟಾಪಿಗೆ ಹಾಕಿಸುವುದು, ಸಂತೆಯ ದಿನ ಸೀಟಿನ ಜಗಳ ಬಿಡಿಸುವುದು ನನ್ನ ಕೆಲಸ. ಕಂಪನಿ ಶಿಕಾರಿಪುರದ ಒಬ್ಬ ಸಾಹುಕಾರರದು. ಮೊದಲು ಅಕ್ಕಿ ಗಿರಣಿ ನಡೆಸಿದವರು. ಬಸ್ಸನ್ನೂ ಅವರು ಚಕ್ರವಿರುವ ಗಿರಣಿಯಂತೆಯೇ ನೋಡುತ್ತಿದ್ದರು. ಒಂದು ದಿನ ಬಂದು, "ಇನ್ನುಮೇಲೆ ಮ್ಯಾನೇಜರ್ ಒಬ್ರು ಬರ್ತಾರೆ. ಸೊರಬದ ವಕೀಲರ ಭಾವಮೈದುನ. ಹಿಂದೆ ವಿಮಾನ ಓಡಿಸ್ತಿದ್ರಂತೆ" ಎಂದು ಹೇಳಿ ಹೋದರು. ವಿಮಾನ ಓಡಿಸುತ್ತಿದ್ದವರು ಶಿರಾಳಕೊಪ್ಪಕ್ಕೆ ಯಾಕೆ ಬರುತ್ತಾರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬಂದವರು ಎತ್ತರದ, ತೆಳ್ಳನೆಯ ಮನುಷ್ಯ. ನಲವತ್ತು ತುಂಬಿರಲಿಲ್ಲ, ಆದರೂ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಬಿಳಿ ಅರ್ಧ ತೋಳಿನ ಅಂಗಿ. ಮೊದಲ ದಿನವೇ ಹೊರಡಲು ನಿಂತಿದ್ದ ಶಿಕಾರಿಪುರದ ಬಸ್ಸಿನ ಸುತ್ತ ಒಂದು ಸುತ್ತು ಬಂದರು. ಪ್ರತಿ ಟೈರನ್ನೂ ಅಂಗೈಯಿಂದ ಮುಟ್ಟಿದರು, ಬಗ್ಗಿ ಅಡಿಯಲ್ಲಿ ನೋಡಿದರು. ಸ್ಟೇರಿಂಗಿನ ಮುಂದೆ ಕೂತಿದ್ದ ಶೇಖರಪ್ಪನಿಗೆ ನಗು ತಡೆಯಲಾಗಲಿಲ್ಲ.

"ಏನ್ ಹುಡುಕ್ತೀರಿ ಸಾಹೇಬ್ರೆ, ರೆಕ್ಕಿ ಅದಾವೇನಂತ ನೋಡ್ತೀರೇನ್ರಿ?"

"ರೆಕ್ಕೆ ಇಲ್ಲ ಅಂತ ಖಾತ್ರಿ ಆಯ್ತು" ಎಂದರು ಅವರು ನಗದೆ. "ಎಡಗಡೆ ಹಿಂದಿನ ಟೈರೂ ಇಲ್ಲದ ಹಾಗೇ ಇದೆ. ಬದಲಾಯಿಸಿ ಹೊರಡು."

ಟೈರು ಬದಲಾಯಿತು. ಬಸ್ಸಿನಲ್ಲಿ ಕೂತವರು ಗೊಣಗಿದರು. ಅವತ್ತಿನಿಂದ ಪ್ರತಿ ಬಸ್ಸಿಗೂ ಆ ಸುತ್ತು ತಪ್ಪಲಿಲ್ಲ. ಕೆಲವು ತಿಂಗಳಲ್ಲಿ ಡ್ರೈವರುಗಳೇ ಅದನ್ನು ಕಲಿತರು. ಎಲ್ಲರಿಗಿಂತ ಮೊದಲು ಕಲಿತವನು ಶೇಖರಪ್ಪ. ಮೂವತ್ತರ ಒಳಗಿನ ಹುರುಪಿನ ಗಂಡಸು, ಬಸ್ಸು ಓಡಿಸುತ್ತಾ ಗಟ್ಟಿಯಾಗಿ ಹಾಡುವವನು. ಅವನ ಬಸ್ಸಿಗೆ ಹತ್ತಬೇಕೆಂದೇ ಕೆಲವರು ಹಿಂದಿನ ಬಸ್ಸು ಬಿಟ್ಟು ಕಾಯುತ್ತಿದ್ದರು.

ಕ್ಯಾಪ್ಟನ್ ಸಾಹೇಬರ ಕೆಲವು ರೀತಿಗಳು ನನಗೆ ಬೇಗ ಅರ್ಥವಾಗಲಿಲ್ಲ. ಬಾಗಿಲ ವಿಷಯ ಅದರಲ್ಲೊಂದು. ಯಾವ ಬಾಗಿಲಲ್ಲೂ ಅವರು ಮೊದಲು ಹೋಗುತ್ತಿರಲಿಲ್ಲ. ಆಫೀಸಿನ ಬಾಗಿಲಿರಲಿ, ಹೋಟೆಲಿನದಿರಲಿ, ಪಕ್ಕಕ್ಕೆ ಸರಿದು "ನೀವು ನಡೀರಿ" ಎನ್ನುವರು. ಹಮಾಲಿ ಬಂದರೂ ಅಷ್ಟೇ, ಸಾಹುಕಾರರು ಬಂದರೂ ಅಷ್ಟೇ. ಅದನ್ನು ಸೌಜನ್ಯ ಎಂದುಕೊಳ್ಳಬಹುದಿತ್ತು. ಆದರೆ ಎಲ್ಲರೂ ಒಳಗೆ ಹೋದ ಮೇಲೂ ಅವರು ಹೊರಗೇ ಒಂದು ಗಳಿಗೆ ನಿಲ್ಲುತ್ತಿದ್ದರು. ಇನ್ನೊಬ್ಬರು ಯಾರೋ ಹಿಂದೆ ಇದ್ದಾರೆ, ಅವರು ಹೋಗಲಿ ಎಂಬಂತೆ. ಒಮ್ಮೆ ನಾನು ಒಳಗಿನಿಂದ ತಿರುಗಿ ನೋಡಿದೆ. ಅವರ ಕಣ್ಣು ಮೆಟ್ಟಿಲ ಮೇಲೆ ಇತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. 

ಬಸ್ಸು ತಡವಾದರೆ ಅವರು ಕೂರುತ್ತಿರಲಿಲ್ಲ. ತೊಗರ್ಸಿಯ ಕಡೆಯಿಂದ ಬರುವ ಬಸ್ಸು ಯಾವತ್ತೂ ಹೊತ್ತಿಗೆ ಬಂದದ್ದಿಲ್ಲ. ದಾರಿಯಲ್ಲಿ ಯಾರದೋ ಮನೆಯ ಮುಂದೆ ನಿಂತು ಕಾಫಿ ಕುಡಿದು ಬರುವುದೇ ಅದರ ಕ್ರಮ. ನಾವು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರು ಮಾತ್ರ ರಸ್ತೆಯ ಅಂಚಿಗೆ ಹೋಗಿ ಕೈಕಟ್ಟಿ ನಿಲ್ಲುವರು. ಧೂಳಿನಲ್ಲಿ ಬಸ್ಸಿನ ಮುಖ ಕಂಡ ಮೇಲೆ ಒಳಗೆ ಬಂದು ಒಂದು ಲೋಟ ನೀರು ಕುಡಿಯುವರು. ಡ್ರೈವರನ್ನು ಬೈದದ್ದು ನಾನು ಕೇಳಿಲ್ಲ.

ಒಂದು ಸಂತೆಯ ದಿನ ಊರಿನ ಮೇಲೆ ವಿಮಾನವೊಂದು ಹೋಯಿತು. ಆಗೆಲ್ಲ ಅದು ಅಪರೂಪ. ಮೆಣಸಿನಕಾಯಿ ತೂಗುತ್ತಿದ್ದವನು ತಕ್ಕಡಿ ಬಿಟ್ಟ. ಇಡೀ ಸಂತೆ ತಲೆಯೆತ್ತಿತು. ಇವರು ಬಗ್ಗಿ ಚೀಲದ ಬಾಯಿಗೆ ಹಗ್ಗ ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ. "ಒಂದು ಇಂಜಿನ್ ಒರಟಾಗಿದೆ" ಎಂದಷ್ಟೇ ಹೇಳಿದರು. ಸದ್ದು ಪೂರ್ತಿ ಅಡಗುವವರೆಗೂ ಹಗ್ಗದ ಗಂಟು ಮುಗಿಯಲಿಲ್ಲ.

ಅವರು ಬಂದ ಮರುವರ್ಷ ಬೇಸಿಗೆಯಲ್ಲಿ ಸಾಹುಕಾರರು ಸೊರಬದ ಇನ್ನೊಂದು ಸಣ್ಣ ಬಸ್ ಕಂಪನಿಯನ್ನು ಕೊಂಡರು. ಬಸ್ಸುಗಳ ಜೊತೆಗೆ ಡ್ರೈವರುಗಳೂ ಬಂದರು. ಬೇಸಿಗೆ ಕಳೆಯುವವರೆಗೆ ತೊಂದರೆ ಇರಲಿಲ್ಲ. ತೊಂದರೆ ಮಳೆಗಾಲದ್ದು. ಆಗಿನ ರಸ್ತೆಗಳು ಬಹಳಷ್ಟು ಮಣ್ಣಿನವು. ಮಳೆ ಹಿಡಿದರೆ ಹಳ್ಳಿಯ ರೂಟುಗಳೆಲ್ಲ ನಿಂತು, ದಸರೆಯ ಹೊತ್ತಿಗೆ ಮತ್ತೆ ಶುರುವಾಗುತ್ತಿದ್ದವು. ಅಲ್ಲಿಯವರೆಗೆ ಬಸ್ಸಿಲ್ಲದ ಡ್ರೈವರು ಸಂಬಳವಿಲ್ಲದೆ ಮನೆಯಲ್ಲಿರಬೇಕು. ಕಡೆಗೆ ಸೇರಿದವನು ಮೊದಲು ಮನೆಗೆ ಹೋಗಬೇಕು. ಮತ್ತೆ ಕರೆಯುವಾಗ ಅವನಿಗೆ ಕಡೆಯ ಸರದಿ. ಎರಡೂ ಕಂಪನಿಗಳಲ್ಲಿ ಇದೇ ಪದ್ಧತಿ ಇತ್ತು. ಈಗ ಕಂಪನಿ ಒಂದಾಗಿತ್ತು. ಯಾರು ಯಾರಿಗಿಂತ ಹಿರಿಯ ಎಂಬ ಪ್ರಶ್ನೆ ಎದ್ದಿತು.

ಸಾಹುಕಾರರಿಗೆ ಅದು ಪ್ರಶ್ನೆಯೇ ಅಲ್ಲ. "ಸೊರಬದವ್ರಿಗೆ ನಾನು ಕೊಂಡ ದಿನದಿಂದ ಲೆಕ್ಕ. ಎಲ್ಲಾ ನಮ್ಮವ್ರ ಕೆಳಗೆ ಬರೀರಿ. ಎತ್ತು ಕೊಂಡವ್ನು ಅದು ಹಿಂದೆ ಯಾರ ಹೊಲ ಉತ್ತಿತ್ತು ಅಂತ ಕೇಳ್ತಾನೇನ್ರೀ?"

ಕ್ಯಾಪ್ಟನ್ ಸಾಹೇಬರು ಮೆಲ್ಲಗೆ, "ಕೊಳ್ಳುವಾಗ ಹಲ್ಲು ಎಣಿಸ್ತೀರಲ್ಲ ಸಾಹುಕಾರ್ರೆ. ಅದೂ ಹಿಂದಿನ ವರ್ಷಗಳ ಲೆಕ್ಕವೇ" ಎಂದರು.

ಸಾಹುಕಾರರು ನಕ್ಕರು. "ನಿಮ್ಮ ಹತ್ರ ಮಾತಾಡೋಕಾಗಲ್ಲ. ಏನಾದ್ರೂ ಬರೀರಿ. ಜಗಳ ನನ್ನ ಬಾಗ್ಲಿಗೆ ಬರಬಾರ್ದು, ಅಷ್ಟೇ."

ಸೊರಬದಿಂದ ಬಂದವರಲ್ಲಿ ಕೆರಿಯಪ್ಪ ಎಂಬ ಡ್ರೈವರು ಎಲ್ಲರಿಗಿಂತ ಹಳಬ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಒಲೆಯಂಥ ಉರುವಲು ಪೀಪಾಯಿ ಕಟ್ಟಿ, ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದರಲ್ಲ, ಆಗಿನಿಂದ ಡ್ರೈವರು. ಮುಂಗೈ ಮೇಲೆ ಸುಟ್ಟ ಕಲೆ ಇತ್ತು. ಅವರು ಆಫೀಸಿಗೆ ಬಂದು ಬಾಗಿಲ ಬಳಿ ನಿಂತರು.

"ಶೇಖರಪ್ಪನಂಥ ಹುಡುಗ್ರ ಕೆಳಗೆ ನನ್ನೆಸ್ರು ಬರೀತಾರಂತೆ, ಹೌದಾ ಸಾಹೇಬ್ರೆ?"

"ಇನ್ನೂ ಬರೆದಿಲ್ಲ, ಕೆರಿಯಪ್ಪ."

"ಬರೀರಿ, ನಾ ಬ್ಯಾಡ ಅನ್ನಲ್ಲ. ಧಣಿ ಬದ್ಲಾದ್ರು, ನಮ್ಮ ಕೈಲೇನೈತೆ. ಆದ್ರೆ ನಾ ಓಡ್ಸಿದ ಆ ವರ್ಷ ಎಲ್ಲಾ ಎಲ್ಲಿಗೆ ಹೋದ್ವು ಅಂತ ಒಂದ್ ಮಾತು ಹೇಳಿ. ನಾ ಮನೇಲಿ ಹೇಳ್ಬೇಕಲ್ಲ."

ಇಷ್ಟು ಹೇಳಿ ಅವರು ಹೋದರು. ಮಧ್ಯಾಹ್ನದ ಹೊತ್ತು, ಹೊರಗೆ ಮೊದಲ ಮಳೆ ಬೀಳುತ್ತಿತ್ತು. ಟಿಕೆಟ್ ಕೇಳುವವರು ಯಾರೂ ಇರಲಿಲ್ಲ. ಕ್ಯಾಪ್ಟನ್ ಸಾಹೇಬರು ನನ್ನ ಕಡೆ ತಿರುಗಿ, "ಇದೇ ಮಾತು ನಾನೂ ಕೇಳಿದ್ದೆ, ಮಾರಾಯ" ಎಂದು ಶುರುಮಾಡಿದರು. ತಮ್ಮ ವಿಷಯ ಅವರು ಹೇಳಿದ್ದು ಅದೊಂದೇ ಸಲ.

ಯುದ್ಧ ಮುಗಿದ ಮೇಲೆ ವಾಯುಪಡೆಯಿಂದ ಹೊರಬಂದ ಇಬ್ಬರು ಸ್ನೇಹಿತರು ಬೊಂಬಾಯಿಯ ಒಂದು ಸಣ್ಣ ವಿಮಾನ ಕಂಪನಿಗೆ ಕೆಲಸ ಕೇಳಲು ಹೋದರು. ಒಬ್ಬರು ಇವರು, ಇನ್ನೊಬ್ಬ ಮಂಗಳೂರಿನ ಪಿಂಟೋ. ಆಫೀಸಿನ ಮೆಟ್ಟಿಲು ಹತ್ತಿದಾಗ ಪಿಂಟೋ ಕೈಯಲ್ಲಿ ಸಿಗರೇಟು ಅರ್ಧ ಉಳಿದಿತ್ತು. ಬಾಗಿಲು ತಳ್ಳಿ ಹಿಡಿದು, "ನೀನು ಹೋಗು ಮಾರಾಯ, ನಾನು ಇದು ಮುಗಿಸಿ ಬರ್ತೇನೆ" ಅಂದ. ಇವರು ಒಳಗೆ ಹೋದರು. ಗುಮಾಸ್ತ ಹೆಸರು ಕೇಳಿ ಬರೆದುಕೊಂಡ. ಸ್ವಲ್ಪ ಹೊತ್ತಿಗೆ ಪಿಂಟೋ ಬಂದ, ಗುಮಾಸ್ತ ಅವನ ಹೆಸರನ್ನು ಇವರ ಹೆಸರಿನ ಕೆಳಗೆ ಬರೆದ.

"ಆಮೇಲೆ ಎಲ್ಲವೂ ಆ ಪಟ್ಟಿಯ ಪ್ರಕಾರ. ಯಾರಿಗೆ ಯಾವ ಊರು, ಯಾರು ಮೊದಲು ಕ್ಯಾಪ್ಟನ್ ಆಗ್ತಾರೆ, ಯಾರಿಗೆ ಹಬ್ಬಕ್ಕೆ ರಜಾ. ನಾವಿಬ್ಬರೂ ಅದರ ಬಗ್ಗೆ ತಮಾಷೆ ಮಾಡ್ತಿದ್ವಿ. ಒಂದು ಸಿಗರೇಟಿನಷ್ಟು ಸೀನಿಯರ್ ಅಂತ ನನ್ನನ್ನ ಅಣಕಿಸ್ತಿದ್ದ."

ಒಂದು ವರ್ಷ ಕಂಪನಿಗೆ ಕೆಲಸ ಕಡಿಮೆಯಾಯಿತು. ಪೈಲಟ್‌ಗಳು ಹೆಚ್ಚಾದರು. ಕೆಲಸದಿಂದ ತೆಗೆಯುವುದಿಲ್ಲ, ಸದ್ಯಕ್ಕೆ ಮನೆಯಲ್ಲಿರಿ, ಕೆಲಸ ಬಂದಾಗ ಪಟ್ಟಿಯ ಪ್ರಕಾರ ವಾಪಸ್ ಕರೆಯುತ್ತೇವೆ ಎಂದರು. ಕೆಳಗಿನಿಂದ ಎಣಿಸುತ್ತ ಬಂದು ಒಂದು ಕಡೆ ಗೆರೆ ಎಳೆದರು. ಗೆರೆ ಇವರ ಹೆಸರಿಗೂ ಪಿಂಟೋ ಹೆಸರಿಗೂ ನಡುವೆ ಬಿತ್ತು.

"ಅವನಿಗೆ ಹೆಂಡತಿ ಇದ್ದಳು, ಕೈಗೂಸು ಇತ್ತು. ನಾನು ಒಂಟಿ. ಪಟ್ಟಿಗೆ ಅದೆಲ್ಲ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

ಪಿಂಟೋ ಸುಮ್ಮನೆ ಕೂರಲಿಲ್ಲ. ಈಶಾನ್ಯದ ಬೆಟ್ಟಗಳ ಕಡೆ ಹಳೆಯ ವಿಮಾನದಲ್ಲಿ ಅಕ್ಕಿ, ಉಪ್ಪು ಸಾಗಿಸುವ ಒಬ್ಬ ಗುತ್ತಿಗೆದಾರನ ಹತ್ತಿರ ಸೇರಿದ. ಕೆಲವು ತಿಂಗಳ ಮೇಲೆ ಕಂಪನಿಗೆ ಮತ್ತೆ ಕೆಲಸ ಬಂತು. ವಾಪಸ್ ಕರೆಯುವಾಗ ಮೊದಲ ಸರದಿ ಪಿಂಟೋನದು. ಸುದ್ದಿಯನ್ನು ತಾನೇ ಬಾಯಾರೆ ಹೇಳಬೇಕೆಂದು ಇವರು ಡ್ಯೂಟಿ ಮುಗಿಸಿ ಅದೇ ಸಮವಸ್ತ್ರದಲ್ಲಿ ಅವನ ಮನೆಗೆ ಹೋದರು. ಅವನ ಹೆಂಡತಿ ಬಾಗಿಲು ತೆಗೆದಳು. ಪಿಂಟೋನ ವಿಮಾನ ಮೋಡದಲ್ಲಿ ಬೆಟ್ಟಕ್ಕೆ ಬಡಿಯಿತೆಂಬ ತಂತಿ ಸಂದೇಶ ಅವಳಿಗೆ ಅವತ್ತು ಬೆಳಿಗ್ಗೆಯೇ ಬಂದಿತ್ತು.

"ಅವಳು ನಾನು ಅದಕ್ಕೇ ಬಂದಿದ್ದೀನಿ ಅಂದ್ಕೊಂಡಳು. ಒಳಗೆ ಬನ್ನಿ ಅಂದಳು. ನಾನು ಬಾಗಿಲಲ್ಲೇ ನಿಂತೆ. ಅವನನ್ನ ಕೆಲಸಕ್ಕೆ ವಾಪಸ್ ಕರೆದಿದ್ದಾರೆ ಅನ್ನೋ ಮಾತು ಬಾಯಲ್ಲೇ ಇತ್ತು." ಬಾಗಿಲ ಕಡೆ ನೋಡುತ್ತ, "ಈಗಲೂ ಇದೆ" ಎಂದರು.

ಮುಂದಿನದನ್ನು ಅವರು ಬೇಗ ಬೇಗ ಹೇಳಿ ಮುಗಿಸಿದರು. ಕೆಲವು ವರ್ಷಗಳಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನೆಲ್ಲ ಸೇರಿಸಿ ಒಂದು ಮಾಡಿತು. ಪೈಲಟ್‌ಗಳ ಪಟ್ಟಿಗಳನ್ನೂ ಒಂದು ಮಾಡಬೇಕಾಯಿತು. ದೊಡ್ಡ ಕಂಪನಿಯವರು ತಮ್ಮ ವರ್ಷಗಳೇ ಹೆಚ್ಚು ಎಂದರು, ಸಣ್ಣ ಕಂಪನಿಯವರು ತಾವು ಹಾರಿದ್ದೂ ಆಕಾಶದಲ್ಲೇ ಎಂದರು. ವಾದ ಬಹಳ ದಿನ ನಡೆಯಿತು. ಕೊನೆಗೆ ಇವರ ಮೊದಲ ವರ್ಷಗಳು ಲೆಕ್ಕಕ್ಕೆ ಬರಲಿಲ್ಲ. ಎಡಗಡೆಯ ಸೀಟಿನಲ್ಲಿ ಕ್ಯಾಪ್ಟನ್ ಆಗಿದ್ದವರು ಬಲಗಡೆಯ ಸಹಾಯಕನ ಸೀಟಿಗೆ ಬಂದರು. ಎಡಗಡೆ ಕೂತವನು ಇವರ ಕೈಯಲ್ಲೇ ಕಲಿತ ಹುಡುಗ.

"ನನ್ನ ವರ್ಷಗಳು ಎಲ್ಲಿ ಹೋದವು ಅಂತ ಒಬ್ಬ ಅಧಿಕಾರಿಯ ಹತ್ತಿರ ಕೇಳಿದೆ. ಆತ ಒಳ್ಳೆಯವನೇ. ಯಾರೂ ಕೆಟ್ಟವರಿರಲಿಲ್ಲ ಅಲ್ಲಿ. ಎಲ್ಲರೂ ತಮ್ಮ ತಮ್ಮ ತಾರೀಕು ಹಿಡ್ಕೊಂಡು ನಿಂತಿದ್ದರು. ಆಮೇಲೆ ಮತ್ತೆ ಪೈಲಟ್‌ಗಳು ಹೆಚ್ಚಾದರು. ಈ ಸಲ ಗೆರೆ ನನ್ನ ತಲೆಯ ಮೇಲೆ ಬಿತ್ತು. ವಾಪಸ್ ಕರೆದರು ಕೂಡ. ನಾನು ಹೋಗಲಿಲ್ಲ. ಹೋದರೆ ಅದು ಪಿಂಟೋ ಸರದಿ ಅಂತ ಅನ್ನಿಸ್ತಿತ್ತು."

ಮರುದಿನ ಅವರು ಪಟ್ಟಿ ಬರೆದರು. ಯಾವ ಕಂಪನಿಯದಾದರೂ ಸರಿ, ಮೊದಲು ಸ್ಟೇರಿಂಗ್ ಹಿಡಿದ ದಿನದಿಂದ ಲೆಕ್ಕ. ಕೆರಿಯಪ್ಪ ಮೇಲೆ ಹೋದರು. ಸೊರಬದ ಇನ್ನಿಬ್ಬರೂ ಮೇಲೆ ಹೋದರು. ಮಳೆಗಾಲಕ್ಕೆ ಎಷ್ಟು ಬಸ್ಸು ಓಡುತ್ತವೆ ಎಂದು ನೋಡಿ ಗೆರೆ ಎಳೆದಾಗ, ಗೆರೆಯ ಕೆಳಗಿನ ಮೊದಲ ಹೆಸರು ಶೇಖರಪ್ಪನದಾಗಿತ್ತು.

ಬರೆದದ್ದನ್ನು ಅವರು ಎಷ್ಟು ಹೊತ್ತು ನೋಡುತ್ತಿದ್ದರೋ. ತಮಗೆ ಆದದ್ದು ಕೆರಿಯಪ್ಪನಿಗೆ ಆಗಬಾರದೆಂದು ಮಾಡಿದ ಕೆಲಸ ಅದು. ಅದೇ ಕೆಲಸ ಇನ್ನೊಬ್ಬನನ್ನು ಪಿಂಟೋ ಇದ್ದ ಜಾಗಕ್ಕೆ ತಂದು ನಿಲ್ಲಿಸಿತ್ತು. ಶೇಖರಪ್ಪನ ಹೆಂಡತಿ ಆಗ ಬಾಣಂತಿ.

ಅವರು ಡ್ರೈವರುಗಳನ್ನೆಲ್ಲ ಶೆಡ್ಡಿಗೆ ಕರೆಸಿದರು. "ಯಾರನ್ನೂ ಪೂರ್ತಿ ಮನೆಗೆ ಕಳಿಸೋದು ಬೇಡ. ಸರದಿಯ ಮೇಲೆ ಎಲ್ಲರೂ ಒಂದೊಂದು ವಾರ ಬಿಡುವು ಮಾಡ್ಕೊಳ್ಳಿ. ಕಷ್ಟ ಹಂಚಿಹೋಗ್ತದೆ" ಎಂದರು. ಶಿಕಾರಿಪುರದ ಹಿರಿಯ ಡ್ರೈವರೊಬ್ಬರು, "ಹಂಗಾದ್ರೆ ಇಷ್ಟ್ ವರ್ಷ ದುಡಿದು ಮ್ಯಾಲೆ ಬಂದಿದ್ದು ಯಾತಕ್ಕ್ರೀ?" ಎಂದರು. ಕೆರಿಯಪ್ಪನೂ ನೆಲ ನೋಡುತ್ತ ನಿಂತಿದ್ದರು. ನಿನ್ನೆ ತಾನೆ ವಾಪಸ್ ಸಿಕ್ಕಿದ್ದ ವರ್ಷಗಳನ್ನು ಇವತ್ತೇ ಬಿಟ್ಟುಕೊಡು ಎಂದು ಅವರಿಗೆ ಹೇಗೆ ಹೇಳುವುದು. ಕ್ಯಾಪ್ಟನ್ ಸಾಹೇಬರು ಒತ್ತಾಯ ಮಾಡಲಿಲ್ಲ.

ಶೇಖರಪ್ಪ ಆಫೀಸಿಗೆ ಬಂದಾಗ ಹಾಡೂ ಇರಲಿಲ್ಲ, ನಗುವೂ ಇರಲಿಲ್ಲ.

"ಅವ್ರ ವರ್ಷ ಅವ್ರಿಗೆ ಕೊಟ್ರಿ, ಚಲೋ ಆತು. ನನ್ನ ವರ್ಷ ಯಾರ್ ಕೊಡ್ತಾರ್ರೀ? ಈ ಕಂಪನ್ಯಾಗೆ ನಾ ಮೊದ್ಲಿಂದ ಅದೀನಿ. ಅವ್ರು ನಿನ್ನೆ ಬಂದೋರು."

"ನೀನು ಹೇಳೋದೂ ಸರಿ, ಶೇಖರಪ್ಪ."

"ನಂದೂ ಸರಿ, ಅವ್ರದೂ ಸರಿ. ಮತ್ತೆ ಮನೀಗ್ ಹೋಗಾದು ಮಾತ್ರ ನಾನು."

"ಶೆಡ್ಡಿನಲ್ಲಿ ಇರು. ರಿಪೇರಿ ಕೆಲಸ ಇದೆ. ಸಾಹುಕಾರ್ರಿಗೆ ನಾನು ಹೇಳ್ತೀನಿ."

"ಸ್ಟೇರಿಂಗ್ ಹಿಡಿದ ಕೈಲಿ ಗ್ರೀಸ್ ಹಚ್ಚಿಕೋತ ಕುಂದ್ರಾಕೆ ಆಗಲ್ರಿ. ಸಾಗರದಾಗ ಒಬ್ರು ಲಾರಿ ಕೊಡ್ತೀನಂದಾರೆ. ಕಾರ್ಗಲ್ ಕಡೆ ಕಾಡಿಂದ ದಿಮ್ಮಿ ಹೊಡಿಯಾದು."

ಕ್ಯಾಪ್ಟನ್ ಸಾಹೇಬರು ಕುರ್ಚಿಯಿಂದ ಎದ್ದರು. "ಅದು ಬೇಡ. ಮಳೆಗಾಲದಲ್ಲಿ ಘಟ್ಟದ ದಾರಿ ಬೇಡ. ಬೇರೆ ಏನಾದರೂ ಮಾಡು. ನಾನು ಬೇಡ್ಕೊಳ್ತೀನಿ."

ಮ್ಯಾನೇಜರು ಡ್ರೈವರನ್ನು ಬೇಡಿಕೊಂಡದ್ದು ಶೇಖರಪ್ಪನಿಗೆ ವಿಚಿತ್ರವಾಗಿ ಕಂಡಿರಬೇಕು. ಅವನ ಸಿಟ್ಟು ಇಳಿಯಿತು. "ಏನೂ ಆಗಲ್ರಿ ಸಾಹೇಬ್ರೆ. ನೀವ್ ಹೇಳಿಕೊಟ್ಟಂಗೆ ಟೈರ್ ಮುಟ್ಟಿ ನೋಡೇ ಹತ್ತೀನಿ" ಎಂದು ಹೊರಟುಹೋದ. ಅವನು ಮೆಟ್ಟಿಲಿಳಿಯುವಾಗ ಇವರು ಬಾಗಿಲವರೆಗೆ ಹೋದರು. ಹೊಸ್ತಿಲು ದಾಟಲಿಲ್ಲ.

ಆ ಮಳೆಗಾಲ ನಾನು ಕಂಡ ಹಾಗೆ ಅವರು ಸರಿಯಾಗಿ ಊಟ ಮಾಡಲಿಲ್ಲ. ಸೊರಬದಿಂದ ಅಕ್ಕ ಹೇಳಿ ಕಳಿಸಿದರೂ ಹೋಗಲಿಲ್ಲ. ಸಾಗರದ ಕಡೆಯಿಂದ ಯಾರು ಬಂದರೂ ಕರೆದು ಕೂರಿಸಿ, ಘಟ್ಟದಲ್ಲಿ ಮಳೆ ಹೇಗಿದೆ, ಲಾರಿಗಳು ಓಡುತ್ತಿವೆಯೇ ಎಂದು ಕೇಳುವರು. ಶೇಖರಪ್ಪನ ಹೆಸರು ಎತ್ತುತ್ತಿರಲಿಲ್ಲ. ಒಂದು ಸಲ ಯಾರೋ ಲಾರಿ ಮಗುಚಿತಂತೆ ಎಂದರು. ಯಾವ ಲಾರಿ, ಎಲ್ಲಿ ಎಂಬುದು ಹೇಳಿದವರಿಗೂ ಗೊತ್ತಿರಲಿಲ್ಲ. ಇವರು ಅಲ್ಲಿಂದೆದ್ದು ಶೆಡ್ಡಿನ ಹಿಂದೆ ಹೋದರು. ಹುಡುಕಿಕೊಂಡು ಹೋದ ನನಗೆ ಅವರು ನಿಲ್ಲಿಸಿದ್ದ ಬಸ್ಸಿನ ಟೈರಿನ ಮೇಲೆ ಅಂಗೈ ಇಟ್ಟುಕೊಂಡು ಮಳೆಯಲ್ಲಿ ನಿಂತಿರುವುದು ಕಂಡಿತು. ಒಳಗೆ ಬನ್ನಿ ಸಾರ್ ಎಂದೆ. "ನೀನು ನಡಿ" ಎಂದರು.

ಎರಡು ದಿನದ ಮೇಲೆ ಮಗುಚಿದ್ದು ಸಿರ್ಸಿಯ ಕಡೆಯ ಲಾರಿ, ಯಾರಿಗೂ ಏನೂ ಆಗಿಲ್ಲ ಎಂದು ತಿಳಿಯಿತು. ಅವರು ನಂಬಿದಂತೆ ಕಾಣಲಿಲ್ಲ.

ಕೆರಿಯಪ್ಪ ಆ ಮಳೆಗಾಲವೆಲ್ಲ ಸೊರಬದ ರೂಟಿನಲ್ಲಿ ಬಸ್ಸು ಓಡಿಸಿದರು, ಮುಂದೆ ನಿವೃತ್ತರಾಗುವವರೆಗೂ ಓಡಿಸಿದರು. ಕ್ಯಾಪ್ಟನ್ ಸಾಹೇಬರನ್ನು ಕಂಡರೆ ಅವರಿಗೆ ದೇವರಷ್ಟು ಭಕ್ತಿ. ಮನೆಯಲ್ಲಿ ಬೆಳೆದ ಹೀರೇಕಾಯಿಯೋ ಬಾಳೆಗೊನೆಯೋ ತಂದು ಬಾಗಿಲಲ್ಲಿಟ್ಟು ಹೋಗುವರು. ಇವರು ಅದನ್ನು ಮುಟ್ಟದೆ ಹಮಾಲಿಗಳಿಗೆ ಕೊಟ್ಟುಬಿಡುವರು. ಕೆರಿಯಪ್ಪನಿಗೆ ಅದು ತಿಳಿಯದಂತೆ ನಾನು ನೋಡಿಕೊಂಡೆ.

ಅವರು ನಮ್ಮಲ್ಲಿ ಒಟ್ಟು ಮೂರು ನಾಲ್ಕು ವರ್ಷ ಇದ್ದರು. ಆಮೇಲೆ ಮೈಸೂರಿನಲ್ಲಿ ಒಂದು ಶಾಲೆಗೆ ಗಣಿತ ಹೇಳಿಕೊಡಲು ಹೋದರು ಎಂದು ಕೇಳಿದೆ. ಮದುವೆಯಾಗಲಿಲ್ಲ. ನನಗೆ ಪತ್ರ ಬರೆದವರಲ್ಲ. ನಾನೂ ಬರೆಯಲಿಲ್ಲ. ಆದರೆ ಸೊರಬದ ಆ ಮದುವೆ ಮನೆಯ ನಲ್ಲಿಯ ಹತ್ತಿರ ನನ್ನ ಕಣ್ಣಿಗೆ ಕಟ್ಟಿದ್ದು ಅವರು ಬಂದ ದಿನವಲ್ಲ, ಹೋದ ದಿನವೂ ಅಲ್ಲ. ಸಾಗರದ ಒಂದು ಮಧ್ಯಾಹ್ನ.

ದಸರೆ ಹತ್ತಿರ ಬಂದು ರಸ್ತೆಗಳು ಒಣಗಿದಾಗ ರೂಟುಗಳು ಮತ್ತೆ ತೆರೆದವು. ವಾಪಸ್ ಕರೆಯುವಾಗ ಮೊದಲ ಸರದಿ ಶೇಖರಪ್ಪನದು. ಒಂದು ಕಾರ್ಡು ಹಾಕಿದ್ದರೆ ಸಾಕಿತ್ತು. ಇವರು ತಾವೇ ಹೋಗುತ್ತೇನೆಂದರು. ನನಗೆ, "ನೀನೂ ಬಾ. ನಾನೊಬ್ಬನೇ ಹೋದರೆ ಇಲ್ಲ ಅಂದುಬಿಡ್ತಾರೇನೋ ಅನ್ನಿಸ್ತದೆ" ಎಂದರು.

ಮೊದಲು ಶಿಕಾರಿಪುರದಲ್ಲಿ ಕೆರೆಯ ಏರಿಯ ಹಿಂದಿದ್ದ ಅವನ ಮನೆಗೆ ಹೋದೆವು. ಬಾಗಿಲಿಗೆ ಬೀಗ ಹಾಕಿತ್ತು. ಇವರು ಬೀಗವನ್ನೇ ನೋಡುತ್ತ ನಿಂತರು. ಪಕ್ಕದ ಮನೆಯ ಹೆಂಗಸು ಮೊರ ಹಿಡಿದು ಹೊರಗೆ ಬಂದು, "ಅವ್ರು ಇಲ್ರಿ. ಹೆಂಡ್ತಿ ಕೂಸು ಕರ್ಕೊಂಡು ಸಾಗರಕ್ಕೆ ಹೋಗ್ಯಾರೆ" ಎಂದಳು.

"ಯಾರು ಕರ್ಕೊಂಡು ಹೋದರು?"

"ಅವ್ರ ಗಂಡನೇ ರೀ. ಮತ್ಯಾರು ಕರ್ಕೊಂಡು ಹೋಗ್ತಾರೆ?"

"ನೀವು ಅವನನ್ನ ಕಣ್ಣಾರೆ ನೋಡಿದ್ರಾ?"

ಆಕೆ ನನ್ನ ಮುಖ ನೋಡಿದಳು. ನಾನು ಅವರ ತೋಳು ಹಿಡಿದು ಬಸ್ ಸ್ಟ್ಯಾಂಡಿಗೆ ಕರೆತಂದೆ. 

ಸಾಗರದಲ್ಲಿ ಮರದ ಡಿಪೋ ಹುಡುಕುವುದು ಕಷ್ಟವಾಗಲಿಲ್ಲ. ದಿಮ್ಮಿಗಳ ರಾಶಿಯ ನಡುವೆ ಲಾರಿಗಳು ನಿಂತಿದ್ದವು. ಗೇಟಿನ ಹತ್ತಿರ ಅವರ ಕಾಲು ನಿಂತಿತು. ಶೇಖರಪ್ಪ ಎಂಬ ಡ್ರೈವರಿದ್ದಾನೆಯೇ ಎಂದು ಕೇಳುವ ಕೆಲಸ ನನಗೆ ಬಂತು. ಕಾವಲಿನವನು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಕೈ ತೋರಿಸಿದ.

ಶೇಖರಪ್ಪ ದಿಮ್ಮಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ದಪ್ಪಗಾಗಿದ್ದ, ಮೀಸೆ ಬಿಟ್ಟಿದ್ದ. ನಮ್ಮನ್ನು ಕಂಡು ಲೋಟ ಕೆಳಗಿಟ್ಟು ಓಡಿಬಂದ. "ಸಾಹೇಬ್ರು! ಏಜೆಂಟ್ರೂ ಬಂದೀರಿ. ಏನ್ರೀ ಇದು, ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ದೆ."

ಕ್ಯಾಪ್ಟನ್ ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟರು. ಕೈ ಅಲ್ಲೇ ಇತ್ತು. ಬಹಳ ನಿಧಾನವಾಗಿ, ಒಂದೊಂದೇ ಶಬ್ದ ಇಟ್ಟು, "ನಿನ್ನನ್ನ ಕೆಲಸಕ್ಕೆ ವಾಪಸ್ ಕರೆದಿದ್ದಾರೆ" ಎಂದರು.

ಶೇಖರಪ್ಪ ತಲೆ ತಗ್ಗಿಸಿ, "ಸಿಟ್ಟಾಗಬ್ಯಾಡ್ರಿ. ನಾ ಬರಂಗಿಲ್ಲ. ಇಲ್ಲಿ ಕೆಲ್ಸ ಚಲೋ ಐತಿ, ಮನಿ ಮಾಡೀನಿ. ಅಲ್ಲಿಗೆ ಬಂದ್ರೆ ಮುಂದಿನ ಮಳಿಗಾಲಕ್ಕೆ ಮತ್ತೆ ಗೆರಿ ಕೆಳಗೆ ನಾನೇ ಅಲ್ಲೇನ್ರಿ?" ಎಂದ.

"ಹೌದು" ಎಂದರು ಅವರು. "ಬರದೇ ಇರು. ನಾನು ಹೇಳೋದಿತ್ತು, ಹೇಳಿದೆ."

ಚಹಾ ತರಿಸಿದ. ಮಗುವಿನ ವಿಷಯ ಹೇಳಿದ, ಅದಕ್ಕೆ ಹಲ್ಲು ಬಂದಿದೆಯಂತೆ. ಮನೆಗೆ ಬನ್ನಿ ಎಂದು ಬಲವಂತ ಮಾಡಿದ. ಅಷ್ಟರಲ್ಲಿ ಅವನ ಲಾರಿ ತುಂಬಿ ತಯಾರಾಗಿತ್ತು, ತಾಳಗುಪ್ಪದ ರೈಲು ನಿಲ್ದಾಣಕ್ಕೆ ಹೊರಡಬೇಕಿತ್ತು. ಅವನು ಲಾರಿಯ ಸುತ್ತ ಬಂದು ಒಂದೊಂದು ಟೈರನ್ನೂ ಮುಟ್ಟಿದ, ಹಗ್ಗ ಎಳೆದು ನೋಡಿದ, ಹತ್ತಿ ಕೂತ. ಇವರು ಲಾರಿಯ ಬಾಗಿಲನ್ನು ತಾವೇ ಹಾಕಿ, ಅದರ ಮೇಲೆ ಕೈಯೂರಿ ಮೇಲೆ ನೋಡಿದರು.

"ಹೋಗಿ ಬಾ, ಪಿಂಟೋ" ಎಂದರು.

ಶೇಖರಪ್ಪನಿಗೆ ಇಂಜಿನಿನ ಸದ್ದಿನಲ್ಲಿ ಹೆಸರು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. "ಬರ್ತೀನ್ರೀ" ಎಂದು ಕೈಮುಗಿದ. ಲಾರಿ ಗೇಟು ದಾಟಿತು. ಅವನು ಹಾಡು ಶುರುಮಾಡಿದ್ದು ನಮಗೆ ಕೇಳಿಸಿತು.

ಧೂಳು ಇಳಿಯುವವರೆಗೆ ಅವರು ಅಲ್ಲಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಭಯವಿತ್ತು.

"ನಾನು ಈಗ ಅವನನ್ನ ಏನಂತ ಕರೆದೆ?"

"ಶೇಖರಪ್ಪ ಅಂತ ಕರೆದ್ರಿ ಸಾರ್" ಎಂದೆ.